ಮಕ್ಕಳ ಕರಕುಶಲ: ಕೆಲಸ ಮಾಡಬೇಕಾದದ್ದು ಯಾರ ಕೈ?

ರಾತ್ರಿ ಒಂಬತ್ತು ಗಂಟೆಗೆ ಯಾವುದೇ ಬಡಾವಣೆಯ ಸ್ಟೇಷನರಿ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. "ಅಣ್ಣಾ, ಎರಡನೇ ಕ್ಲಾಸಿಗೆ ಸೌರವ್ಯೂಹದ ಮಾಡೆಲ್ ಇದೆಯಾ? ನಾಳೆ ಬೆಳಿಗ್ಗೆಯೇ ಕೊಡಬೇಕಂತೆ" ಎಂದು ಕೇಳುವ ತಾಯಿಯೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. "ರೆಡಿಮೇಡ್ ಇದೆ ಅಕ್ಕ. ಬಣ್ಣ ಹಚ್ಚಿದ್ದು ಕೊಡಲಾ, ಹಚ್ಚದೇ ಇರೋದು ಕೊಡಲಾ?" ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಸೌರವ್ಯೂಹ ಯಾರಿಗಾಗಿ ಬೇಕಿತ್ತೋ ಆ ಮಗು ಮಾತ್ರ ಸ್ಕೂಟರಿನ ಮೇಲೆ ಕುಳಿತು ಆಕಳಿಸುತ್ತಿರುತ್ತದೆ. ಮರುದಿನ ಶಾಲೆಯಲ್ಲಿ ಆ ಮಾದರಿಗೆ ಮೂರು ಸ್ಟಾರ್! ಅದರಲ್ಲಿ ಒಂದು ಅಂಗಡಿಯವರದು, ಎರಡು ಅಮ್ಮನದು. ಮಗುವಿನ ಪಾಲಿಗೆ ಉಳಿದದ್ದು ಅದನ್ನು ಮುರಿಯದಂತೆ ಶಾಲೆಯವರೆಗೆ ಹೊತ್ತೊಯ್ಯುವ ಕೆಲಸವಷ್ಟೆ.

ಇದನ್ನು ಪೋಷಕರ ತಪ್ಪೆಂದು ಹೇಳಿ ಮುಗಿಸುವುದು ಸುಲಭ. ಆದರೆ ಏಳು ವರ್ಷದ ಮಗುವಿನ ಕೈಯಲ್ಲಿ ಆಗದ ಕೆಲಸವನ್ನು ಒಂದೇ ರಾತ್ರಿಯಲ್ಲಿ ಮಾಡಿ ತರಲು ಹೇಳಿದರೆ ಮನೆಯವರು ಇನ್ನೇನು ಮಾಡಿಯಾರು? ಕುತ್ತು ಇರುವುದು ಚಟುವಟಿಕೆಯ ಆಯ್ಕೆಯಲ್ಲಿಯೇ. ಚಿಕ್ಕ ಮಕ್ಕಳ ತರಗತಿಗೆ ಕರಕುಶಲ ಬಂದದ್ದು ಗೋಡೆಗೆ ಅಲಂಕಾರ ಮಾಡುವುದಕ್ಕಲ್ಲ, ಕೈಯ ಮೂಲಕ ಯೋಚಿಸುವುದನ್ನು ಕಲಿಸುವುದಕ್ಕೆ. ಈ ಮೂಲ ಉದ್ದೇಶ ಮರೆತುಹೋದರೆ ಉಳಿಯುವುದು ಥರ್ಮಾಕೋಲು ಮತ್ತು ಮಿನುಗುಪುಡಿ.

ಮೊದಲು ಕೈಯ ವಿಚಾರ. ಮಗು ಹುಟ್ಟಿದಾಗ ಅದರ ಮಣಿಕಟ್ಟಿನಲ್ಲಿ ಗಟ್ಟಿ ಮೂಳೆ ಇರುವುದಿಲ್ಲ, ಅಲ್ಲಿರುವುದು ಮೃದ್ವಸ್ಥಿ. ದೊಡ್ಡವರ ಮಣಿಕಟ್ಟಿನಲ್ಲಿರುವ ಎಂಟು ಪುಟ್ಟ ಮೂಳೆಗಳು ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಕೊನೆಯದು ಕಾಣಿಸಿಕೊಳ್ಳುವ ಹೊತ್ತಿಗೆ ಮಗು ಎಂಟು ವರ್ಷ ದಾಟಿರುವುದೂ ಉಂಟು. ಹೀಗಿರುವಾಗ ಮೂರೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಅಕ್ಷರ ತಿದ್ದಿಸುವ ಆತುರವೇಕೆ? ಚಪಾತಿ ಹಿಟ್ಟನ್ನು ಹಿಸುಕುವುದು, ಹಳೆಯ ಪತ್ರಿಕೆಯನ್ನು ಉದ್ದುದ್ದ ಹರಿಯುವುದು, ಅವರೆಕಾಯಿ ಸುಲಿಯುವುದು, ದಾರಕ್ಕೆ ಮಣಿ ಪೋಣಿಸುವುದು - ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಪೆನ್ಸಿಲ್ಲಿಗೆ ಸಿದ್ಧಗೊಳಿಸುವುದು ಇಂಥ ಕೆಲಸಗಳೇ. ನಮ್ಮ ಅಜ್ಜಿಯರು ಮೊಮ್ಮಕ್ಕಳನ್ನು ಅವರೆಕಾಯಿ ಮೊರದ ಮುಂದೆ ಕೂರಿಸುತ್ತಿದ್ದದ್ದು ಶಿಕ್ಷಣ ಶಾಸ್ತ್ರ ಓದಿಕೊಂಡಲ್ಲ. ಫಲ ಮಾತ್ರ ಅದೇ.

ನೆನೆದ ಕಾಳು, ನಾಲ್ಕು ಕಡ್ಡಿ

ಶಿಶುವಿಹಾರ ಎಂಬ ಕಲ್ಪನೆಗೆ ರೂಪ ಕೊಟ್ಟವರು ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್. 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಕೆಲಸ ಆರಂಭಿಸಿದ ಅವರು, 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದರೆ 'ಮಕ್ಕಳ ತೋಟ' ಎಂಬ ಹೆಸರನ್ನಿಟ್ಟರು. (ಹನ್ನೊಂದೇ ವರ್ಷಗಳಲ್ಲಿ, 1851ರಲ್ಲಿ, ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಮಕ್ಕಳು ಆಡುತ್ತಾ ಯೋಚಿಸುವುದು ದೊರೆಗಳಿಗೆ ಎಂದೂ ಅಷ್ಟಾಗಿ ಹಿಡಿಸಿಲ್ಲವೆಂದು ಕಾಣುತ್ತದೆ!) ಫ್ರೋಬೆಲ್ ಪದ್ಧತಿಯಲ್ಲಿ ಉಣ್ಣೆಯ ಚೆಂಡು, ಮರದ ಗೋಳ, ಘನ, ತುಂಡುಗಳ ಜೊತೆಗೆ ಕಾಗದ ಮಡಿಸುವುದು, ಹೆಣೆಯುವುದು ಮುಂತಾದ ಕೆಲಸಗಳಿದ್ದವು. ಅವುಗಳಲ್ಲಿ ಅತ್ಯಂತ ಅಗ್ಗದ್ದು ನೆನೆಸಿದ ಬಟಾಣಿ ಮತ್ತು ಕಡ್ಡಿಗಳ ಕೆಲಸ. ಬಟಾಣಿಯೇ ಕೀಲು, ಕಡ್ಡಿಯೇ ತೊಲೆ. ಚುಚ್ಚುತ್ತಾ ಹೋದರೆ ಮನೆ, ಏಣಿ, ಗೋಪುರ ಏಳುತ್ತವೆ. ಕಾಳು ಒಣಗಿದಂತೆ ಕುಗ್ಗಿ ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅಂಟಿನ ಗೊಡವೆಯೂ ಇಲ್ಲ.

1899ರಲ್ಲಿ ಅಮೆರಿಕದ ಶಿಶುವಿಹಾರವೊಂದರಲ್ಲಿ ಹೀಗೆಯೇ ಬಟಾಣಿ-ಕಡ್ಡಿ ಹಿಡಿದು ಕುಳಿತ ಬಾಲಕನೊಬ್ಬನಿಗೆ ದೃಷ್ಟಿದೋಷವಿತ್ತು. ಉಳಿದ ಮಕ್ಕಳು ಕಣ್ಣಾರೆ ಕಂಡ ಮನೆಗಳಂತೆ ಚೌಕಗಳನ್ನು ಕಟ್ಟಿದರೆ, ಈತ ತಡಕಾಡುತ್ತಾ ಬೆರಳಿಗೆ ಗಟ್ಟಿಯೆನ್ನಿಸಿದ ಆಕಾರವನ್ನೇ ಹುಡುಕಿ ತ್ರಿಭುಜಗಳನ್ನು ಜೋಡಿಸಿದ. ಮುಂದೆ ತ್ರಿಭುಜಗಳ ಹೆಣಿಗೆಯಿಂದ ಭಾರಿ ಗುಮ್ಮಟಗಳನ್ನು ರೂಪಿಸಿ, 1967ರ ಮಾಂಟ್ರಿಯಲ್ ವಿಶ್ವ ಪ್ರದರ್ಶನದಲ್ಲಿ ಅಮೆರಿಕದ ಮಂಟಪವನ್ನು ನಿಲ್ಲಿಸಿದ ಬಕ್‌ಮಿನ್‌ಸ್ಟರ್ ಫುಲ್ಲರ್ ಆತನೇ. ತಮ್ಮ ಬಾಲ್ಯದ ಈ ಸಂಗತಿಯನ್ನು ಅವರೇ ಹೇಳಿಕೊಂಡಿದ್ದಾರೆ.

ಈ ಪಾಠಕ್ಕೆ ನಮ್ಮ ತರಗತಿಯಲ್ಲಿ ಬೇಕಾಗುವುದಾದರೂ ಏನು? ಕಾಲು ಕಿಲೋ ಒಣ ಬಟಾಣಿ ಅಥವಾ ಕಡಲೆಕಾಳು. ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಬಟ್ಟೆಯಿಂದ ಒರೆಸಿಟ್ಟರೆ ಮೂವತ್ತು ಮಕ್ಕಳಿಗೆ ಕೊಟ್ಟು ಮಿಗುತ್ತದೆ. ಜೊತೆಗೆ ಎರಡೂ ತುದಿ ಚೂಪಾಗಿರುವ ಹಲ್ಲುಕಡ್ಡಿಗಳು, ಇಲ್ಲವೇ ಒಂದೇ ಅಳತೆಗೆ ಮುರಿದ ತೆಂಗಿನ ಪೊರಕೆ ಕಡ್ಡಿಗಳು. ನಾಲ್ಕೈದು ವರ್ಷದವರಿಗೆ ಕಾಳನ್ನು ಚುಚ್ಚುವುದು ಕಷ್ಟ. ಅವರಿಗೆ ಜೇಡಿಮಣ್ಣಿನ ಗೋಲಿಯಷ್ಟು ಉಂಡೆಗಳನ್ನು ಕೊಡಿ. ಇಬ್ಬಿಬ್ಬರನ್ನು ಜೊತೆಯಾಗಿ ಕೂರಿಸಿ.

ಮೊದಲು ಮೂರು ಕಡ್ಡಿ, ಮೂರು ಕಾಳಿನಿಂದ ಒಂದು ತ್ರಿಭುಜ. ನಂತರ ನಾಲ್ಕು ಕಡ್ಡಿಯಿಂದ ಒಂದು ಚೌಕ. ಈಗ ಎರಡನ್ನೂ ಮೂಲೆಯಿಂದ ಮೆಲ್ಲಗೆ ಒತ್ತಿ ನೋಡಲು ಹೇಳಿ. ಚೌಕ ಓರೆಯಾಗಿ ವಜ್ರಾಕೃತಿಗೆ ತಿರುಗುತ್ತದೆ, ತ್ರಿಭುಜ ಜಗ್ಗುವುದಿಲ್ಲ. "ಚೌಕ ಅಲ್ಲಾಡದ ಹಾಗೆ ಏನಾದರೂ ಮಾಡೋಣವೇ?" - ಶಿಕ್ಷಕಿ ಕೇಳಬೇಕಾದ ಪ್ರಶ್ನೆ ಇದೊಂದೇ. ಕೇಳಿ ಸುಮ್ಮನಿರಬೇಕು. ಕಷ್ಟವೆಂದರೆ ಆ ಸುಮ್ಮನಿರುವುದೇ!

ಯಾರೋ ಒಬ್ಬರು ಮೂಲೆಯಿಂದ ಮೂಲೆಗೆ ಅಡ್ಡ ಕಡ್ಡಿ ಇಡಲು ಹೋಗುತ್ತಾರೆ. ಕಡ್ಡಿ ಗಿಡ್ಡವಾಗುತ್ತದೆ. ಆಗ ಎರಡು ದಾರಿ. ಕೆಲವರು ಉದ್ದದ ಕಡ್ಡಿ ಹುಡುಕುತ್ತಾರೆ. ಕೆಲವರು ಚೌಕವನ್ನೇ ಒತ್ತಿ, ಗಿಡ್ಡ ಕಡ್ಡಿ ಹಿಡಿಸುವಷ್ಟು ಓರೆ ಮಾಡಿ ಚುಚ್ಚುತ್ತಾರೆ. ನೋಡಿದರೆ ಅಲ್ಲಿ ಎರಡು ತ್ರಿಭುಜಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿರುತ್ತವೆ. ಚೌಕದ ಕರ್ಣ ಅದರ ಬಾಹುವಿಗಿಂತ ಉದ್ದ ಎಂಬ ಮಾತನ್ನು ಯಾರೂ ಆಡದೆಯೇ ಮಗು ಅದನ್ನು ಬೆರಳಿನಲ್ಲಿ ಕಂಡುಕೊಂಡಿರುತ್ತದೆ. ಪ್ರೌಢಶಾಲೆಯಲ್ಲಿ ಎರಡರ ವರ್ಗಮೂಲ 1.414 ಎಂದು ಓದುವಾಗ ಇದು ನೆನಪಿಗೆ ಬಂದರೂ ಬರಬಹುದು, ಬಾರದಿದ್ದರೂ ನಷ್ಟವಿಲ್ಲ. ಮುಂದುವರಿಸಿ ಐದು ಕಡ್ಡಿಯ ಪಂಚಭುಜ ಮಾಡಿಸಿದರೆ ಅದು ನಿಲ್ಲಲು ಎರಡು ಅಡ್ಡ ಕಡ್ಡಿ ಬೇಕಾಗುತ್ತವೆ, ಷಡ್ಭುಜಕ್ಕೆ ಮೂರು. ಎಣಿಸಿ ಹೇಳುವವರು ಎರಡನೇ ತರಗತಿಯಲ್ಲೇ ಸಿಗುತ್ತಾರೆ.

ಇನ್ನು ಒಗಟು: ಆರೇ ಕಡ್ಡಿಗಳಿಂದ ನಾಲ್ಕು ತ್ರಿಭುಜ ಮಾಡಬೇಕು, ಕಡ್ಡಿ ಮುರಿಯುವಂತಿಲ್ಲ. ಮೇಜಿನ ಮೇಲೆ ಎಷ್ಟು ಜೋಡಿಸಿದರೂ ಆಗದು. ಮೂರು ಕಡ್ಡಿಗಳ ತ್ರಿಭುಜದಿಂದ ಉಳಿದ ಮೂರನ್ನು ಮೇಲಕ್ಕೆತ್ತಿ ಒಂದೇ ಕಾಳಿನಲ್ಲಿ ಸೇರಿಸಿದಾಗ ನಾಲ್ಕು ಮುಖದ ಗೋಪುರ ಮೂಡುತ್ತದೆ. ಕೆಳಮುಖವನ್ನೂ ಎಣಿಸಲು ಮರೆಯುವವರಿಗೆ ಅದನ್ನು ಕೈಯಲ್ಲೆತ್ತಿ ತಿರುಗಿಸಿ ತೋರಿಸಿದರೆ ಸಾಕು. ಆ ಸಂಜೆ ಮಕ್ಕಳಿಗೆ ಕೊಡಬೇಕಾದ ಮನೆಗೆಲಸ ಬರವಣಿಗೆಯದಲ್ಲ. ದಾರಿಯಲ್ಲಿ ಕಾಣುವ ತ್ರಿಭುಜಗಳನ್ನು ಎಣಿಸಿಕೊಂಡು ಬರುವುದು: ಹೈಟೆನ್ಷನ್ ವಿದ್ಯುತ್ ಗೋಪುರ, ರೈಲ್ವೆಯ ಕಬ್ಬಿಣದ ಸೇತುವೆ, ಹೆಂಚಿನ ಮನೆಯ ಛಾವಣಿ, ಸೈಕಲ್ಲಿನ ಚೌಕಟ್ಟು...

ಹೋಶಂಗಾಬಾದಿನ ವಾಲ್ವ್ ಟ್ಯೂಬ್

ಇದೇ ಆಟಕ್ಕೆ ಭಾರತದಲ್ಲಿ ಇನ್ನೊಂದು ಅವತಾರವಿದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ (ಈಗ ನರ್ಮದಾಪುರಂ) ಜಿಲ್ಲೆಯ ಹದಿನಾರು ಶಾಲೆಗಳಲ್ಲಿ ಕಿಶೋರ್ ಭಾರತಿ ಹಾಗೂ ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸಂಸ್ಥೆಗಳು ವಿಜ್ಞಾನ ಬೋಧನೆಯ ಪ್ರಯೋಗವೊಂದನ್ನು ಆರಂಭಿಸಿದವು. ವಿಜ್ಞಾನವನ್ನು ಬಾಯಿಪಾಠ ಮಾಡಬಾರದು, ಮಾಡಿ ತಿಳಿಯಬೇಕು. ಸಲಕರಣೆ ಹಳ್ಳಿಯ ಸಂತೆಯಲ್ಲಿ ಸಿಗುವಂಥದ್ದಾಗಿರಬೇಕು ಎಂಬುದು ಅದರ ನಿಲುವು. ಐಐಟಿ ಕಾನ್ಪುರದಲ್ಲಿ ಓದಿ ಪುಣೆಯ ಟೆಲ್ಕೋದಲ್ಲಿ ಎಂಜಿನಿಯರಾಗಿದ್ದ ಅರವಿಂದ ಗುಪ್ತಾ 1978ರಲ್ಲಿ ರಜೆ ಹಾಕಿ ಈ ಪ್ರಯೋಗದಲ್ಲಿ ತೊಡಗಿಕೊಂಡರು. ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ಜೋಡಣೆ ರೂಪುಗೊಂಡದ್ದು ಆಗ. ಟ್ಯೂಬಿನ ತೂತಿಗೆ ಬೆಂಕಿಕಡ್ಡಿ ಬಿಗಿಯಾಗಿ ಕೂರುತ್ತದೆ. ಮೂರನೇ ಕಡ್ಡಿ ಸೇರಿಸಬೇಕಾದರೆ ಟ್ಯೂಬಿನ ತುಂಡಿಗೆ ಸೂಜಿಯಿಂದಲೋ ಜಾಲಿಮುಳ್ಳಿನಿಂದಲೋ ತೂತು ಮಾಡಿದರಾಯಿತು. ಕಾಳಿಗಿಂತ ಇದರಲ್ಲಿ ಕೀಲು ಹೆಚ್ಚು ಸಲೀಸಾಗಿ ಬಾಗುವುದರಿಂದ ಚೌಕದ ಅಭದ್ರತೆ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಎಂಟು ವರ್ಷ ಮೇಲ್ಪಟ್ಟವರಿಗೆ ಇದು ಹೆಚ್ಚು ಸೂಕ್ತ. ಮದ್ದಿರುವ ತುದಿಯನ್ನು ದೊಡ್ಡವರು ಮೊದಲೇ ಮುರಿದು ತೆಗೆದಿರಬೇಕು.

ಗುಪ್ತಾ ಅವರ ಬೆಂಕಿಕಡ್ಡಿ ಮಾದರಿಗಳ ಪುಸ್ತಕವನ್ನು ಏಕಲವ್ಯ ಸಂಸ್ಥೆ 1987ರಲ್ಲಿ ಪ್ರಕಟಿಸಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರ ಪುಸ್ತಕಗಳೂ ಆಟಿಕೆಗಳ ವಿಡಿಯೊಗಳೂ ಅಂತರ್ಜಾಲದಲ್ಲಿ ಉಚಿತವಾಗಿವೆ. ವಿಷಾದದ ಸಂಗತಿಯೆಂದರೆ, ಮೂರು ದಶಕ ನಡೆದ ಹೋಶಂಗಾಬಾದ್ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು.

ಹರಿದ ಕಾಗದದ ಲಂಬಕೋನ

ಕಾಗದ ಮಡಿಸುವುದೆಂದರೆ ದೋಣಿ, ಟೋಪಿ, ರಾಕೆಟ್ ಎಂಬಲ್ಲಿಗೆ ನಮ್ಮ ಕಲ್ಪನೆ ನಿಂತುಬಿಡುತ್ತದೆ. ಆದರೆ ಇದೇ ಕಾಗದದ ಮಡಿಕೆಯಿಂದ ರೇಖಾಗಣಿತವನ್ನು ಬೆಳೆಸಬಹುದೆಂದು ತೋರಿಸಿದವರು ಟಿ. ಸುಂದರ ರಾವ್. ಅವರ ಇಂಗ್ಲಿಷ್ ಗ್ರಂಥ 1893ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ತಮ್ಮ ಗ್ರಂಥದಲ್ಲಿ ಪ್ರಸ್ತಾಪಿಸಿದ ಮೇಲೆ ಅಮೆರಿಕದಲ್ಲೂ ಮುದ್ರಣ ಕಂಡಿತು. ಈ ಕೆಲಸದ ಪ್ರೇರಣೆ ತಮಗೆ ಬಂದದ್ದು ಕಿಂಡರ್‌ಗಾರ್ಟನ್ನಿನ ಕಾಗದ ಮಡಿಕೆಯಿಂದ ಎಂದು ಸುಂದರ ರಾವ್ ಮುನ್ನುಡಿಯಲ್ಲಿಯೇ ತಿಳಿಸಿದ್ದಾರೆ. ಶಿಶುವಿಹಾರದ ಆಟ ವಿದ್ವಾಂಸರ ಮೇಜಿಗೆ ಏರಿದ ಬಗೆ ಇದು!

ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಪ್ರತಿ ಮಗುವಿಗೂ ಹಳೆಯ ಪತ್ರಿಕೆಯಿಂದ ಅಂಕುಡೊಂಕಾಗಿ ಹರಿದ ಒಂದು ತುಂಡು ಕೊಡಿ. ಅದರಲ್ಲಿ ಒಂದೂ ನೇರ ಅಂಚು ಇರಬಾರದು. ಅದನ್ನು ಹೇಗಾದರೂ ಒಮ್ಮೆ ಮಡಿಸಿ ಉಗುರಿನಿಂದ ಗೀರಿದರೆ ನೇರ ಗೆರೆ ದೊರೆಯಿತು. ಆ ಗೆರೆ ತನ್ನ ಮೇಲೆಯೇ ಕೂರುವಂತೆ ಮತ್ತೊಮ್ಮೆ ಮಡಿಸಿದರೆ ದೊರೆಯುವ ಮೂಲೆ ಲಂಬಕೋನ. ಯಾರ ತುಂಡು ಎಂಥದ್ದೇ ಇರಲಿ, ಎಲ್ಲರ ಮೂಲೆಯೂ ಒಂದೇ! ಒಂದರ ಮೇಲೊಂದಿಟ್ಟು ಮಕ್ಕಳೇ ಪರೀಕ್ಷಿಸಲಿ. ನಂತರ ಆ ಮೂಲೆಯನ್ನು ಹಿಡಿದು ತರಗತಿಯೆಲ್ಲ ಸುತ್ತಲಿ. ಬಾಗಿಲ ಮೂಲೆ, ಕರಿಹಲಗೆಯ ಮೂಲೆ, ಪುಸ್ತಕದ ಮೂಲೆಗೆ ಹಿಡಿದು ನೋಡಲಿ. ಕಿಟಕಿಯ ಚೌಕಟ್ಟು ಸೊಟ್ಟಗಿರುವುದನ್ನು ಮೇಸ್ತ್ರಿಗಿಂತ ಮೊದಲು ಮೂರನೇ ತರಗತಿಯವರು ಪತ್ತೆ ಮಾಡಿದರೆ ಅಚ್ಚರಿಪಡಬೇಡಿ.

ಅದೇ ಕಾಗದದಲ್ಲಿ ಭಿನ್ನರಾಶಿಯೂ ಅಡಗಿದೆ. ಒಂದು ಮಡಿಕೆಗೆ ಎರಡು ಭಾಗ, ಎರಡು ಮಡಿಕೆಗೆ ನಾಲ್ಕು. ಮೂರನೆಯ ಬಾರಿ ಮಡಿಸಿದ ಮೇಲೆ ಬಿಡಿಸುವ ಮುನ್ನ "ಈಗ ಎಷ್ಟು?" ಎಂದು ಕೇಳಿ. ಆರು ಎನ್ನುವವರು ಇದ್ದೇ ಇರುತ್ತಾರೆ. ತಿದ್ದಬೇಡಿ, ಬಿಡಿಸಿ ಎಣಿಸಲಿ.

ಎಲೆಗಳನ್ನು ಹಳೆಯ ಪತ್ರಿಕೆಯ ನಡುವೆ ಒಣಗಿಸಿ ಹಕ್ಕಿ-ಮೀನುಗಳನ್ನು ಜೋಡಿಸುವುದು, ಬೆಂಡೆಕಾಯಿ ಅಚ್ಚು, ತೆಂಗಿನ ಗರಿಯ ಪೀಪಿ, ಹುಣಸೆಬೀಜ ಹಿಡಿದು ಅಳಗುಳಿಮಣೆ - ಇವನ್ನು ವಿವರಿಸುವ ಅಗತ್ಯ ಕನ್ನಡದ ಓದುಗರಿಗಿಲ್ಲ. ಒಂದು ಮಾತು ಚುಕ್ಕಿ ರಂಗೋಲಿಯ ಬಗ್ಗೆ. ಅದು ಹೆಣ್ಣುಮಕ್ಕಳ ಹಬ್ಬದ ಸ್ಪರ್ಧೆಯಾಗಿ ಮಾತ್ರ ಶಾಲೆಗಳಲ್ಲಿ ಉಳಿದುಕೊಂಡಿರುವುದು ಅನ್ಯಾಯ. ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿ ಇಟ್ಟು ಎಷ್ಟು ಚೌಕ ಎಳೆಯಬಹುದೆಂದು ಹುಡುಗ-ಹುಡುಗಿಯರೆಲ್ಲರನ್ನೂ ಅಂಗಳಕ್ಕೆ ಬಿಟ್ಟರೆ, ಸೊಟ್ಟಗೆ ನಿಂತ ಚೌಕಗಳು ಕಣ್ಣಿಗೆ ಬೀಳುವ ಹೊತ್ತಿಗೆ ಒಂದು ಪೀರಿಯಡ್ ಮುಗಿದಿರುತ್ತದೆ.

ಏನು ಕೊಡಬಾರದು?

ಬೀಜಗಳಿಂದ ಚಿತ್ರ ಮಾಡಿಸುವ ಶಾಲೆಗಳು ಬಹಳ. ಕೆಂಪು-ಕಪ್ಪು ಬಣ್ಣದ ಗುಲಗಂಜಿ ನೋಡಲು ಎಷ್ಟು ಚೆಲುವೋ ಅಷ್ಟೇ ಅಪಾಯಕಾರಿ. ಅಗಿದು ನುಂಗಿದರೆ ಅದರ ವಿಷ ಪ್ರಾಣಕ್ಕೇ ಎರವಾಗಬಲ್ಲದು. ಹರಳೆಬೀಜವೂ ಅಂಥದ್ದೇ. ಇವೆರಡನ್ನೂ ಮಕ್ಕಳ ತರಗತಿಯೊಳಗೆ ತರಲೇಬೇಡಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕಾಳು, ಮಣಿ ಯಾವುದನ್ನೂ ಕೊಡಬಾರದು. ಮೂಗಿಗೆ, ಕಿವಿಗೆ ತುರುಕಿಕೊಳ್ಳುವ ಪ್ರಸಂಗ ದೊಡ್ಡ ಮಕ್ಕಳಲ್ಲೂ ಉಂಟು. ಆದ್ದರಿಂದ ಎಣಿಸಿ ಕೊಟ್ಟು, ಎಣಿಸಿ ವಾಪಸು ಪಡೆಯುವುದು ಒಳ್ಳೆಯದು. ಎಣಿಕೆಯ ಪಾಠವೂ ಆಗುತ್ತದೆ.

ಕತ್ತರಿ ಮೊಂಡು ತುದಿಯದಾಗಿರಲಿ. ಎಡಗೈ ಬಳಸುವ ಮಗುವಿಗೆ ಸಾಮಾನ್ಯ ಕತ್ತರಿ ಸರಿಯಾಗಿ ಕತ್ತರಿಸುವುದಿಲ್ಲ, ಏಕೆಂದರೆ ಅದರ ಅಲಗುಗಳ ಜೋಡಣೆಯೇ ಬಲಗೈಗೆಂದು ಮಾಡಿದ್ದು. ಮಗು ದಡ್ಡನೆಂದೋ ಸೋಮಾರಿಯೆಂದೋ ಬಗೆಯುವ ಮುನ್ನ ಯಾವ ಕೈಯಲ್ಲಿ ಹಿಡಿದಿದೆ ನೋಡಿ. ಅಂಟಿಗೆ ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ ಕುದಿಸಿದ ಸರಿ ಸಾಕು. ಅಲಂಕಾರದ ಥರ್ಮಾಕೋಲ್, ಪ್ಲಾಸ್ಟಿಕ್ ಸ್ಟ್ರಾ, ಪ್ಲಾಸ್ಟಿಕ್ಕಿನ ಐಸ್‌ಕ್ರೀಂ ಕಡ್ಡಿಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಪರಿಸರ ದಿನಾಚರಣೆಯ ಮಾದರಿಯನ್ನೇ ಥರ್ಮಾಕೋಲಿನಲ್ಲಿ ಮಾಡಿಸುವ ವಿಪರ್ಯಾಸಕ್ಕೆ ಇನ್ನಾದರೂ ಕೊನೆ ಬರಬೇಕು.

ನಮ್ಮಲ್ಲಿಯೇ ಇರುವ ದಾರಿ

ಇದೆಲ್ಲ ಹೊಸತೇನಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದಲ್ಲಿ ಪ್ರಯೋಗಗಳನ್ನು ನಡೆಸಿದ್ದು ಕಳೆದ ಶತಮಾನದ ಪೂರ್ವಾರ್ಧದಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ಸರ್ಕಾರಿ ಶಿಕ್ಷಕರು ಆರಂಭಿಸಿದ 'ನಲಿ-ಕಲಿ' 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ನೆಲದ ಮೇಲೆ ಗುಂಪಾಗಿ ಕುಳಿತ ಮಕ್ಕಳು, ಅವರ ಎತ್ತರಕ್ಕೇ ಇರುವ ಗೋಡೆಯ ಕರಿಹಲಗೆ, ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗುವ ಅವರವರ ಕೆಲಸ - ನಲಿ-ಕಲಿ ಕೊಠಡಿಯ ಗುರುತುಗಳಿವು. ದುಬಾರಿ ಶುಲ್ಕದ ನಗರದ ಶಾಲೆಗಳು ಈ ಚಪ್ಪರವೊಂದನ್ನಾದರೂ ಎರವಲು ಪಡೆಯಬಹುದು. ಮೂರರಿಂದ ಎಂಟು ವರ್ಷದವರಿಗಾಗಿ ಕೇಂದ್ರವು 2022ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಪಠ್ಯಕ್ರಮ ಚೌಕಟ್ಟೂ ಆಟದ ಮೂಲಕ ಕಲಿಕೆಯನ್ನೇ ಎತ್ತಿಹಿಡಿದಿದೆ. 2023ರ ಫೆಬ್ರವರಿಯಲ್ಲಿ ಆಟಿಕೆ, ಗೊಂಬೆ, ಒಗಟುಗಳ 'ಜಾದೂಯಿ ಪಿಟಾರಾ' ಎಂಬ ಪೆಟ್ಟಿಗೆಯೂ ಬಂತು. ಪೆಟ್ಟಿಗೆ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂರದಿದ್ದರೆ ಸರಿ.

ನಿಮ್ಮ ಮಗುವಿನ ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಅಲ್ಲಿನ ಪ್ರದರ್ಶನ ಫಲಕ ನೋಡಿದರೆ ಸಾಕು. ಮೂವತ್ತು ಚಿಟ್ಟೆಗಳು ಒಂದೇ ಅಳತೆ, ಒಂದೇ ಬಣ್ಣದಲ್ಲಿ ಸಾಲಾಗಿ ಕುಳಿತಿದ್ದರೆ, ಕತ್ತರಿಸಿದವರು ಟೀಚರ್ ಎಂದು ತಿಳಿಯಿರಿ. ಒಂದಕ್ಕೆ ರೆಕ್ಕೆ ಚಿಕ್ಕದು, ಇನ್ನೊಂದಕ್ಕೆ ಮೀಸೆ ಮೂರು, ಮತ್ತೊಂದು ತಲೆಕೆಳಗು ಎಂದಿದ್ದರೆ ಅಲ್ಲಿ ಮಕ್ಕಳು ಕೆಲಸ ಮಾಡಿದ್ದಾರೆ. ಪೋಷಕರ ಸಭೆಯಲ್ಲಿ ಕೇಳಬಹುದಾದ ಬೇಡಿಕೆಯೂ ಸರಳ: ಪ್ರಾಜೆಕ್ಟ್ ಮನೆಗೆ ಕಳುಹಿಸಬೇಡಿ, ತರಗತಿಯಲ್ಲಿಯೇ ಮಾಡಿಸಿ, ಸಾಮಾನು ಬೇಕಿದ್ದರೆ ನಾವು ಕಳುಹಿಸಿಕೊಡುತ್ತೇವೆ. ಇನ್ನು ಮನೆಗೆ ಬಂದ ಸೊಟ್ಟ ಗೋಪುರವನ್ನು ಕಂಡು "ಏನಿದು?" ಎನ್ನುವುದಕ್ಕಿಂತ "ಇದು ಬೀಳದ ಹಾಗೆ ಹೇಗೆ ನಿಲ್ಲಿಸಿದೆ ಪುಟ್ಟಾ?" ಎಂದು ಕೇಳಿ ನೋಡಿ. ಮಾತು ಅರ್ಧ ಗಂಟೆಗೆ ಕಡಿಮೆಯಿಲ್ಲ.

ಅಂದಹಾಗೆ, ಬಟಾಣಿ-ಕಡ್ಡಿಯ ಗೋಪುರಗಳನ್ನು ಗಾಳಿಯಾಡುವ ನೆರಳಲ್ಲಿ ಎರಡು ದಿನ ಒಣಗಲು ಬಿಡಿ, ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ಮಿಕ್ಕ ನೆನೆದ ಕಾಳನ್ನು ಚೆಲ್ಲಬೇಕಾಗಿಲ್ಲ. ಒದ್ದೆ ಬಟ್ಟೆಯಲ್ಲಿ ಕಟ್ಟಿ ತರಗತಿಯ ಕಿಟಕಿಯ ಬಳಿ ಇಟ್ಟರೆ ಒಂದೆರಡು ದಿನಗಳಲ್ಲಿ ಮೊಳಕೆ ಇಣುಕುತ್ತದೆ. ಮುಂದಿನ ವಾರದ ಪಾಠಕ್ಕೆ ಅದು ಆಯಿತು.